ಎರಡು ಸುತ್ತಿನ ತಂತಿ

ಡಬ್ಬದ ಮೇಲೆ ಅಚ್ಚಾದ ವ್ಯಾಟನ್ನು ನಂಬಬೇಡಿ ಎಂದು ಹದಿನಾಲ್ಕು ವರ್ಷಗಳಿಂದ ಗಿರಾಕಿಗಳಿಗೆ ಪಾಠ ಹೇಳುತ್ತ ಬಂದವನಿಗೆ ಆ ಕಾರ್ ಆಡಿಯೋ ಅಂಗಡಿಯಲ್ಲಿ ಮೀಟರಣ್ಣ ಎಂದೇ ಹೆಸರು. ಅಂಗಡಿ ಅವನ ಭಾವನದು. ಕೌಂಟರಿನಲ್ಲಿ ಕೂರುವವಳು ಅವನ ಅಕ್ಕ. ಹಿಂಭಾಗದ ವರ್ಕ್‌ಶಾಪಿನಲ್ಲಿ ಬೆಸುಗೆಯ ಹೊಗೆ ಕುಡಿಯುವ ಪಾಲು ಮಾತ್ರ ಇವನದು. ಬೆನ್ನುನೋವು ಹೆಚ್ಚಾಗಿ ಭಾವ ವರ್ಕ್‌ಶಾಪಿನ ಯಜಮಾನಿಕೆಯನ್ನು ಬಿಟ್ಟುಕೊಡುವ ಮಾತೆತ್ತಿದಾಗ, ತನ್ನ ಸ್ಟೂಲನ್ನು ಯಾವ ಕಿಟಕಿಯ ಪಕ್ಕ ಹಾಕಬೇಕೆಂದೂ ಮೀಟರಣ್ಣ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದ.

ಆದರೆ ಭಾವ ತನ್ನ ತಂಗಿಯ ಮಗನನ್ನೂ ಕರೆಸಿದ. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದವನು. ಬಾಯಿ ಬಿಟ್ಟರೆ ಶೋಕೇಸಿನ ಗಾಜು ನಡುಗುತ್ತಿದ್ದರಿಂದ ಎಲ್ಲರಿಗೂ ಗುಡುಗಪ್ಪ.

"ಇಬ್ರೂ ಒಂದೊಂದು ಆಂಪ್ಲಿಫೈಯರ್ ಕಟ್ಕೊಂಡು ಬನ್ನಿ," ಅಂದ ಭಾವ. "ಹನ್ನೆರಡು ವೋಲ್ಟಿನ ಬ್ಯಾಟರಿ ಮೇಲೆ ಎರಡು ನಿಮಿಷ ಪೂರ್ತಿ ಓಡ್ಬೇಕು. ಯಾರದ್ದು ನಿಜವಾಗ್ಲೂ ಜಾಸ್ತಿ ವ್ಯಾಟ್ ಕೊಡುತ್ತೋ, ಬೀಗದಕೈ ಅವರದ್ದು."

"ನಂದು ಸಾವಿರ ದಾಟದಿದ್ರೆ ಕೇಳಿ ಮಾವ," ಅಂದ ಗುಡುಗಪ್ಪ. "ಮೀಟರಣ್ಣ, ನೀವು ಕಿವಿಗೆ ಹತ್ತಿ ಇಟ್ಕೊಂಡೇ ಬನ್ನಿ."

ಮೀಟರಣ್ಣ ನಕ್ಕ. ಬೆಸುಗೆ ಕಡ್ಡಿಯನ್ನು ಹಲ್ಲುಜ್ಜುವ ಬ್ರಷ್ಷಿನ ಹಾಗೆ ಹಿಡಿಯುವವನ ಕೈಕೆಳಗೆ ಉಳಿದ ಆಯುಷ್ಯವೆಲ್ಲ ಕಳೆಯಬೇಕೇ ಎಂಬ ಯೋಚನೆ ಮಾತ್ರ ಆ ನಗುವಿನ ಹಿಂದೆ ಕುದಿಯುತ್ತಿತ್ತು. ಮೂರು ವಾರ ಕೂತು ಕಟ್ಟಿದ ಅವನ ಆಂಪ್ಲಿಫೈಯರ್ ಮನೆಯಲ್ಲಿ ಅಳೆದಾಗ ಆರುನೂರ ಹತ್ತು ವ್ಯಾಟ್ ಕೊಟ್ಟಿತು. ಒಳ್ಳೆಯ, ಮರ್ಯಾದಸ್ಥ ಆರುನೂರ ಹತ್ತು. ಸಾವಿರದ ಮುಂದೆ ಅದು ಏನಕ್ಕೂ ಸಾಲದು.

ಉಪಾಯ ತಾನಾಗಿ ಕಾಲಿಗೆ ತೊಡರಿತು. ಅಂಗಡಿಯ ಪರೀಕ್ಷೆಯ ಪೆಟ್ಟಿಗೆಯನ್ನು ಕಟ್ಟಿದವನೇ ಅವನು. ಆಂಪ್ಲಿಫೈಯರಿನಿಂದ ಹೊರಬರುವ ತಂತಿ ಸಿಕ್ಕಿಸಲು ಅದಕ್ಕೆ ಎರಡು ಸಾಕೆಟ್. ಎರಡರ ತಂತಿಯೂ ಒಳಗಿರುವ ಒಂದೇ ಕ್ಲ್ಯಾಂಪ್ ಮೀಟರಿನ ದವಡೆಯ ನಡುವೆ ಹಾದುಹೋಗುತ್ತದೆ. ತಂತಿಯನ್ನು ಕತ್ತರಿಸದೆ, ಬರೀ ಬಾಯಲ್ಲಿ ಕಚ್ಚಿಕೊಂಡು, ಹರಿಯುವ ಕರೆಂಟನ್ನು ಹೇಳುವ ಜಾಣ ಯಂತ್ರ ಅದು. ಒಂದೇ ಒಂದು ಪೆದ್ದುತನ: ಅದೇ ತಂತಿಯನ್ನು ಸುತ್ತಿ ಎರಡನೇ ಸಲ ಬಾಯೊಳಗೆ ತೂರಿಸಿದರೆ, ಅದೇ ಕರೆಂಟನ್ನು ಎರಡು ಸಲ ಎಣಿಸುತ್ತದೆ. ಕರೆಂಟು ಎರಡರಷ್ಟಾದರೆ ವ್ಯಾಟೂ ಎರಡರಷ್ಟು.

ಬಲಗಡೆಯ ಸಾಕೆಟ್ಟು ಮೊದಲಿಂದಲೂ ಅವನದು, ಗುಡುಗಪ್ಪ ಎಡಚ. ಬಲಗಡೆಯ ತಂತಿಗೆ ಮಾತ್ರ ಅವನು ಇನ್ನೊಂದು ಸುತ್ತು ಕೊಟ್ಟ. ಎಂಟು ಸ್ಕ್ರೂ ಬಿಗಿದ. ಯಾರೂ ಮುಟ್ಟಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಮುಚ್ಚಳದ ಮೇಲೆ ಚೀಟಿ ಅಂಟಿಸಿ, ಭಾವನಿಂದಲೇ ಸಹಿ ಹಾಕಿಸಿದ. ತನ್ನ ಮೇಲೆ ತನಗೇ ಗೌರವ ಬಂತು. ಅಂಕಿ ಕಂಡಾಗ ಹುಬ್ಬು ಎಷ್ಟು ಏರಿಸಬೇಕೆಂಬುದನ್ನೂ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ: ಅರ್ಧ ಸಾಕು, ಪೂರ್ತಿ ಏರಿಸಿದರೆ ನಾಟಕ.

ಪರೀಕ್ಷೆಯ ಬೆಳಿಗ್ಗೆ ಗುಡುಗಪ್ಪನದ್ದು ಮೊದಲು. ಎರಡು ನಿಮಿಷ ಕಳೆಯಿತು. ಭಾವ ಕಾಗದದ ಮೇಲೆ ಗುಣಿಸಿದ.

"ಐನೂರ ಇಪ್ಪತ್ತು. ಮಿಕ್ಕ ನಾನೂರ ಎಂಬತ್ತು ಬಸ್ಸಲ್ಲಿ ಬರ್ತಿದೆಯೇನೋ?"

"ಬ್ಯಾಟರಿ ಸ್ವಲ್ಪ ಮಂಕಾಗಿದೆ ಮಾವ..."

"ಬ್ಯಾಟರಿ ಅಲ್ಲ ಕಣೋ, ನಿನ್ನ ಬಾಯಿ ಜಾಸ್ತಿ ಚಾರ್ಜ್ ಆಗಿದೆ."

ಮೀಟರಣ್ಣನಿಗೆ ನಗು ಬರಲಿಲ್ಲ. ಆರುನೂರ ಹತ್ತು ಸಾಕಿತ್ತು. ಧಾರಾಳವಾಗಿ ಸಾಕಿತ್ತು! ಡಬ್ಬದ ಮೇಲಿನ ಅಂಕಿ ನಂಬಬೇಡಿ ಎಂದು ಊರಿಗೆಲ್ಲ ಹೇಳಿದವನು ಗುಡುಗಪ್ಪನ ಬಾಯಿಂದ ಬಂದ ಅಂಕಿಯನ್ನು ಮೂರು ವಾರ ನಂಬಿದ್ದ. ಈಗ ಆ ಸುತ್ತನ್ನು ಬಿಚ್ಚಬೇಕೆಂದರೆ ಎಂಟು ಸ್ಕ್ರೂ, ಅದರ ಮೇಲೆ ಭಾವನ ಸಹಿ. ಹೋಗಲಿ, ದೊಡ್ಡದಾಗಿ ಗೆದ್ದರೆ ಯಾರ ಗಂಟೇನು ಹೋಗುತ್ತದೆ ಎಂದು ಸಮಾಧಾನ ಹೇಳಿಕೊಂಡು, ಬಲಗಡೆಯ ಸಾಕೆಟ್ಟಿಗೆ ತನ್ನ ತಂತಿ ಸಿಕ್ಕಿಸಿದ. ಎರಡು ನಿಮಿಷ ಪೂರ್ತಿ. ಸಾವಿರದ ಇನ್ನೂರ ಇಪ್ಪತ್ತು. ಹುಬ್ಬು ಅರ್ಧವೇ ಏರಿತು, ಅಭ್ಯಾಸ ಮಾಡಿದಷ್ಟೇ.

ಭಾವ ಬೀಗದಕೈಯನ್ನು ಜೇಬಿನಿಂದ ತೆಗೆದ. ಅಕ್ಕ ಕೌಂಟರ್ ಬಿಟ್ಟು ಒಳಗೆ ಓಡಿಬಂದವಳು, ತಮ್ಮನ ಬೆನ್ನು ತಟ್ಟಿ, ಬ್ಯಾಟರಿಯ ತಂತಿಯ ಕಡೆ ಬಗ್ಗಿದಳು. ದಿನಕ್ಕೆ ಹತ್ತು ಜನಕ್ಕೆ ಫ್ಯೂಸ್ ಮಾರಿ, ಸುಟ್ಟುಹೋಯಿತೆಂದು ಹತ್ತು ಜನರಿಂದ ಬೈಸಿಕೊಳ್ಳುವವಳು ಅವಳು. "ಅಲ್ಲ ಕಣೋ ತಮ್ಮ, ಇದು ಎಪ್ಪತ್ತು ಆಂಪಿನ ಫ್ಯೂಸು. ಎರಡು ನಿಮಿಷ ಇಷ್ಟೊಂದು ಎಳೆದ್ರೂ ಕೂದಲೂ ಕೊಂಕಿಲ್ಲ! ಯಾವ ಕಂಪನಿದು ಹೇಳು, ನಾಳೆಯಿಂದ ಅದನ್ನೇ ತರಿಸ್ತೀನಿ," ಎಂದಳು, ಹೆಮ್ಮೆಯಿಂದ. ಬೀಗದಕೈ ಹಿಡಿದ ಭಾವನ ಕೈ ಅರ್ಧದಲ್ಲೇ ನಿಂತಿತು. ಅವನ ತುಟಿಗಳು ಮೆಲ್ಲಗೆ ಲೆಕ್ಕ ಹಾಕುತ್ತಿದ್ದವು: ಹನ್ನೆರಡು ವೋಲ್ಟು, ಎಪ್ಪತ್ತು ಆಂಪು, ಎಂಟುನೂರ ನಲವತ್ತು ವ್ಯಾಟು. ಎಂಟುನೂರ ನಲವತ್ತಕ್ಕಿಂತ ಹೆಚ್ಚು ಒಳಗೆ ಹೋಗಿದ್ದರೆ ಆ ಫ್ಯೂಸು ಎರಡು ನಿಮಿಷದೊಳಗೆ ಕರಗಿರಬೇಕಿತ್ತು. ಒಳಗೆ ಹೋದದ್ದು ಹೆಚ್ಚೆಂದರೆ ಅಷ್ಟು. ಹೊರಗೆ ಬಂದದ್ದು ಸಾವಿರದ ಇನ್ನೂರ ಇಪ್ಪತ್ತು. ಹೊರಬರುವುದನ್ನು ಅಳೆಯುವುದರಲ್ಲೇ ಮುಳುಗಿದ್ದ ಮೀಟರಣ್ಣನಿಗೆ ಒಳಹೋಗುವುದರ ನೆನಪೇ ಆಗಿರಲಿಲ್ಲ. ಭಾವ ಬೀಗದಕೈಯನ್ನು ಮತ್ತೆ ಜೇಬಿಗಿಳಿಸಿ, ತಾನೇ ಸಹಿ ಹಾಕಿದ್ದ ಚೀಟಿಯನ್ನು ಉಗುರಿನಿಂದ ಕಿತ್ತು, ಯಾರ ಮುಖವನ್ನೂ ನೋಡದೆ ಕೈ ಚಾಚಿದ: "ಸ್ಕ್ರೂಡ್ರೈವರ್ ಕೊಡು."