ಚಾವಿ ಬೇಡದ ವಾಚು

“ರಿಪೇರಿ ಬ್ಯಾಡೋ ತಮ್ಮಾ. ಇದು ಇನ್ನ ಎಂದೂ ನಡೀಬಾರದು, ಹಂಗ ಮಾಡಿಕೊಡು. ಕೈಗೆ ಮಾತ್ರ ಕಟ್ಟಿಕೋಬ್ಯಾಡ.”

ಕನ್ನೊಳ್ಳಿಯ ರುಕ್ಮವ್ವ ಸೆರಗಿನ ಗಂಟು ಬಿಚ್ಚಿ ಕೈಗಡಿಯಾರವನ್ನು ಮೇಜಿನ ಮೇಲಿಟ್ಟಳು. ಶಮಶುದ್ದೀನ ಅದನ್ನೆತ್ತಿ ಬೆಳಕಿಗೆ ಹಿಡಿದ. ಸೊಲ್ಲಾಪುರದಲ್ಲಿ ಕೆಲಸ ಕಲಿತು ಸಿಂದಗಿಯಲ್ಲಿ ಅಂಗಡಿ ತೆರೆದು ಅವನಿಗಿನ್ನೂ ಒಂದು ಬೇಸಿಗೆಯೂ ಕಳೆದಿರಲಿಲ್ಲ. ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ಈ ಕಡೆ ವಾಚು ಕಟ್ಟುವವರೇ ಕಡಿಮೆ. ಕಟ್ಟಿದವರದೂ ದಿನಾ ಬೆಳಿಗ್ಗೆ ಚಾವಿ ಕೊಡುವಂಥದು. ಇದು ಬಂಗಾರದ ಕೇಸಿನ ಸ್ವಿಸ್ ಆಟೋಮ್ಯಾಟಿಕ್. ಕೈ ಆಡಿದಂತೆ ಒಳಗಿನ ಅರ್ಧಚಂದ್ರದ ಬಿಲ್ಲೆ ತಿರುಗಿ ತಾನೇ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ.

“ಬಾವ್ಯಾಗ ಒಗದಿದ್ರ ಆಗ್ತಿತ್ತಲ್ರಿ, ಯವ್ವಾ?”

“ಒಗದಿದ್ವಿ. ನೀರು ಸೇದಿದಾಗೊಮ್ಮೆ ಅಲಗಾಡಿ ಮತ್ತ ನಡಿಯಾಕತ್ತಿತು. ಮ್ಯಾಲ ಸಪ್ಪಳ ಕೇಳತಿತ್ತು. ಕಡೀಗೆ ತಗಸಿದ್ವಿ.” ಅವಳ ದನಿ ಇಳಿಯಿತು. “ದಾಯಾದ್ಯಾರು ಮಾಟ ಮಾಡಿಸಿ ಕೊಟ್ಟದ್ದಿದು. ನನ್ನ ಗಂಡನ ಜೀವ ಹೋದ ಮ್ಯಾಲೂ ಕೈ ಆಡತಿತ್ತು. ಇದನ್ನ ಬಿಚ್ಚಿದ ಮ್ಯಾಲೂ. ಈಗ ಮಗಾ, ಅಪ್ಪನ ವಾಚು ನಾ ಕಟ್ಟಿಕೊಳ್ಳಾಂವ ಅಂತ ಹಟಾ ಹಿಡದಾನ.”

“ಸತ್ತವರ ಕಡಿಂದ ಚಾವಿ ಕೊಡಿಸಿಕೊಳ್ಳೂ ವಾಚು! ಕಂಪನಿಯವರಿಗೆ ತಿಳಿದ್ರ ನಿಮಗ ಬಹುಮಾನ ಕೊಡ್ತಾರ ನೋಡ್ರಿ.”

ರುಕ್ಮವ್ವ ನಗಲಿಲ್ಲ. ತಿರುಗಿ ನೋಡದೆ ಹೋದಳು.

ಹಿಂಬದಿಯ ಮುಚ್ಚಳ ತೆಗೆದಾಗ ಸುಟ್ಟ ಕೂದಲಿನ ನಾತ ಬಂತು. ಬಿಲ್ಲೆಯ ಬುಡಕ್ಕೆ ಉದ್ದನೆಯ ನರೆಗೂದಲೊಂದು ಸುತ್ತಿಕೊಂಡಿತ್ತು. ಚಿಮಟದಿಂದ ಎಳೆದು ಊದಿಬಿಟ್ಟ. ಅದರಡಿಯ ಯಂತ್ರ ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು. ಇದನ್ನು ಕೊಲ್ಲುವುದೇ? ಮನಸ್ಸು ಬರಲಿಲ್ಲ. ತೊಳೆದ, ಎಣ್ಣೆ ಬಿಟ್ಟ, ಮುಚ್ಚಿದ. ಚಾವಿಯ ವಾಚನ್ನಾದರೆ ಮೇಜಿನ ಮೇಲಿಟ್ಟೇ ಪರೀಕ್ಷಿಸಬಹುದು. ಆಟೋಮ್ಯಾಟಿಕ್ಕನ್ನು ಕಟ್ಟಿಕೊಂಡು ತಿರುಗಾಡಿಯೇ ನೋಡಬೇಕು; ಕಸಬಿನವರೆಲ್ಲ ಮಾಡುವುದು ಹಾಗೆಯೇ. ಎಡಗೈಗೆ ಕಟ್ಟಿಕೊಂಡ.

“ಆಕಿ ಬ್ಯಾಡಂದಿದ್ಲಲ್ರಿ?” ಪರದೆಯ ಹಿಂದಿನಿಂದ ಹೆಂಡತಿ ಸಗೀರಾ ಕೇಳಿದಳು.

“ಒಂದ ದಿನ. ಹೆಂಗ ನಡೀತೈತಿ ನೋಡಿ, ಆಮ್ಯಾಲ ಕೊಲ್ಲತೇನಿ.”

ಮರುದಿನ ಮಧ್ಯಾಹ್ನ ಅವನು ಮಲಗಿದ್ದ. ಜೋಳ ಹಸನು ಮಾಡುತ್ತಿದ್ದ ಸಗೀರಾ ತಲೆಯೆತ್ತಿದಳು. ಮೈಯೆಲ್ಲ ನಿದ್ದೆಯಲ್ಲಿತ್ತು. ಎಡಗೈ ಮಾತ್ರ ದಾರಿ ನಡೆಯುವವನ ಕೈಯಂತೆ ಹಿಂದೆ ಮುಂದೆ ಬೀಸುತ್ತಿತ್ತು. ಸರ್, ಸರ್, ಒಳಗೆ ಬಿಲ್ಲೆ ತಿರುಗುವ ಸಪ್ಪಳ. ಹಿಡಿದಳು. ಕೈ ಅವಳನ್ನೇ ಜಗ್ಗಿತು. ಎಬ್ಬಿಸಿದಳು. ಎದ್ದ ಮೇಲೂ ನಿಲ್ಲಲಿಲ್ಲ.

ವಾಚಿನ ಪಟ್ಟಿಯ ಬಕಲ್ ಬಿಚ್ಚಲು ಬರಲಿಲ್ಲ. ಕೈ ಆಡಿದಷ್ಟೂ ಉಳಿದ ಮೈ ಬತ್ತುತ್ತಿತ್ತು. ಕಾಲು ಸೋತವು. ತುಟಿ ನೀಲಿಗಟ್ಟಿತು. ಹೊರಗೆ ಮಣ್ಣಿನ ಗಾಳಿ ಎದ್ದು ಹಗಲೇ ಕತ್ತಲಾಯಿತು. ಸಗೀರಾ ಕುಡಗೋಲು ತಂದಳು. ಚರ್ಮದ ಪಟ್ಟಿ ಕತ್ತರಿಸಿದಳು. ವಾಚು ಬರಲಿಲ್ಲ. ಎಳೆದಳು. ಅವನ ತೊಗಲೊಂದಿಷ್ಟು ಜೊತೆಗೇ ಬಂತು.

ವಾಚು ನೆಲದ ಮೇಲೆ ಅಲುಗದೆ ಬಿದ್ದಿತ್ತು. ಒಳಗೆ ಬಿಲ್ಲೆ ತಿರುಗುತ್ತಲೇ ಇತ್ತು. ಸರ್, ಸರ್. ಬರಿಗೈ ಬೀಸುತ್ತಲೇ ಇತ್ತು.

“ಬಿಲ್ಲಿ ತಗೀಬೇಕು,” ಅವನು ಏದುಸಿರು ಬಿಟ್ಟ. “ನೀ ಗಟ್ಟಿ ಹಿಡಿ.”

ಅವಳು ಹಿಡಿದಳು. ಅವನು ಬಲಗೈಯಲ್ಲಿ ಮುಚ್ಚಳ ತಿರುಗಿಸಿದ. ಅದೇ ನಾತ. ಬುಡದಲ್ಲಿ ಮತ್ತೊಂದು ಕೂದಲು. ಗಿಡ್ಡ, ಕಪ್ಪು, ಗುಂಗುರು. ಗಂಡನದೇ ಎಂದು ಅವಳಿಗೆ ಗುರುತು ಹತ್ತಿತು. ಸ್ಕ್ರೂ ಡ್ರೈವರ್ ಜಾರಿತು. ಮತ್ತೆ ಜಾರಿತು. ಕಚ್ಚಿತು. ತಿರುಗಿತು. ಬಿಲ್ಲೆ ಚಿಮ್ಮಿ ಕತ್ತಲೆಗೆ ಹಾರಿತು.

ಕೈ ಕೆಳಗೆ ಬಿತ್ತು.

“ನಿಂತತು,” ಎಂದವನೇ ಅತ್ತ. ಆ ಕೈಗೆ ಮತ್ತೆ ಸ್ವಾಧೀನ ಬರಲಿಲ್ಲ, ಕಟ್ಟಿಗೆಯಂತೆ ತಣ್ಣಗಿತ್ತು. ಹೋಗಲಿ, ಜೀವ ಉಳಿಯಿತಲ್ಲ ಎಂದುಕೊಂಡಳು ಸಗೀರಾ.

ಮರುದಿನ ಸಂಜೆ ಅವಳು ಕಂದೀಲು ಒರೆಸುತ್ತಿದ್ದಾಗ ಅವನೆಂದ: “ಸೊಲ್ಲಾಪುರಕ್ಕ... ಹೋಗೂಣು... ಅಲ್ಲಿ... ನಮ್ಮ...”

ಮಾತು ನಿಂತಿತು. ಒಂದು ಉಸಿರು. ಬಹಳ ಹೊತ್ತಿಗೆ ಇನ್ನೊಂದು. ಗೋಡೆಯ ಮಾಡದಲ್ಲಿಟ್ಟಿದ್ದ ವಾಚು ಟಿಕ್ ಎಂದಿತು. ಸುಮ್ಮನಾಯಿತು. ಟಿಕ್ ಎಂದಿತು. ಅವನ ಎದೆ ಅದರ ಜೊತೆಗೇ ಏಳುತ್ತಿತ್ತು. ಸಗೀರಾ ಓಡಿದಳು. ಮುಳ್ಳು ಸರಿಪಡಿಸಲು ಇರುವ ಬದಿಯ ಪುಟ್ಟ ಚಾವಿಗೆ ಹೆಬ್ಬೆರಳು ಹಚ್ಚಿ ತಿರುಗಿಸಿದಳು. ತಿರುಗಿಸಿದಳು.

“...ಅಣ್ಣನ ಮನಿ ಐತೆಲ್ಲಾ,” ಎಂದು ಅವನು ಮಾತು ಮುಗಿಸಿದ. ನಡುವೆ ಏನಾಯಿತೆಂದು ಅವನಿಗೆ ತಿಳಿಯಲೇ ಇಲ್ಲ.

ವಾರದ ಸಂತೆಗೆ ರುಕ್ಮವ್ವ ಬಂದಳು. “ನಿಂತತೇನ, ಮಗಳ?”

“ನಿಮ್ಮ ಮಗನ ಕೈಗೆ ಅದು ಎಂದೂ ಬರೂದಿಲ್ರಿ,” ಎಂದಳು ಸಗೀರಾ, ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆಯದೆ. ರುಕ್ಮವ್ವ ಸೆರಗಿನೊಳಗೆ ಅಲುಗುತ್ತಿದ್ದ ಆ ಕೈಯನ್ನು ನೋಡಿದಳು. ಒಳಗೆ ಮಲಗಿದ್ದವನನ್ನು ನೋಡಿದಳು. ಚೀಲ ಎತ್ತಿಕೊಂಡು ಸಂತೆಯತ್ತ ಹೋದಳು.

ಬರೀ ಚಾವಿಯ ವಾಚಾಗಿದ್ದರೆ ತುಂಬಿದಾಗ ಬೆರಳಿಗೆ ಬಿಗಿ ತಾಗುತ್ತಿತ್ತು. ಆಟೋಮ್ಯಾಟಿಕ್ಕಿನ ಸ್ಪ್ರಿಂಗು ಹಾಗಲ್ಲ. ತುಂಬಿದ ಮೇಲೆ ಒಳಗೇ ಜಾರುತ್ತದೆ, ಎಷ್ಟು ತಿರುಗಿಸಿದರೂ ಬಿಗಿಯುವುದಿಲ್ಲ, ತುಂಬಿತೆಂದು ತಿಳಿಯುವುದೂ ಇಲ್ಲ. ಇದನ್ನು ಸಗೀರಾಳಿಗೆ ಹೇಳಿಕೊಟ್ಟವನು ಗಂಡನೇ.

“ಸಾಕು ಬಿಡ, ಸಗೀರಾ. ತುಂಬೇತಿ. ಬೆರಳು ನೋಡಿಕೋ, ರಕ್ತ ಬರಾಕತ್ತೇತಿ.”

“ತುಂಬೇತಿ ಅಂತ ನಿಮಗ ಹೆಂಗ ಗೊತ್ತು?”

ಅವಳು ಬೆರಳ ರಕ್ತವನ್ನು ಸೆರಗಿಗೆ ಒರೆಸಿ ಮತ್ತೆ ಚಾವಿ ತಿರುಗಿಸತೊಡಗಿದಳು.

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಸಗೀರಾ ಏಳಲಿಲ್ಲ.