ಹಳೇ ಫೋನಿನಲ್ಲಿ ಅವನ ದನಿ

೨೦೨೩ರ ನವೆಂಬರ್ ೯, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಿವಿ ಪರೀಕ್ಷೆ ವಿಭಾಗದ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತಿ, ತುಟಿಗಳನ್ನು ಬೇಕೆಂದೇ ಅಗಲಿಸಿ, "ಇನ್ಮೇಲೆ ನಿಮ್ಮನ್ನ ಬೇರೆಯವರು ನೋಡ್ತಾರೆ," ಅಂದಳು.

ಕೌಂಟರಿನ ಈಚೆಗಿದ್ದವಳಿಗೆ ಅರ್ಥವಾಯಿತು. ಆದರೂ ಅರ್ಥವಾಗದವಳಂತೆ ನಿಂತಳು. ಕಿವಿ ಮಂದವಾದವರಿಗೆ ಇದೊಂದು ಅನುಕೂಲ ಇದೆ.

"ಯಾರು ಹೇಳಿದ್ದು?"

"ಅವರೇ. ನಿಮ್ಮ ಫೈಲನ್ನ ಅವರೇ ಸೀನಿಯರ್ ಮೇಡಂಗೆ ಕೊಟ್ಟುಬಿಟ್ಟಿದಾರೆ."

ಎಂಟು ತಿಂಗಳಿಂದ ಅವಳ ಕಿವಿಯನ್ನು ಅಳೆಯುತ್ತಿದ್ದವನು ಅವನು. ಅವಳು ಸದ್ದು ನುಗ್ಗದ ಪುಟ್ಟ ಕೋಣೆಯೊಳಗೆ, ಅವನು ಗಾಜಿನ ಆಚೆ, ಮೈಕಿನ ಮುಂದೆ. ತುಟಿ ನೋಡಿ ಊಹಿಸಬಾರದೆಂದು ಬಾಯಿಗೆ ಅಡ್ಡವಾಗಿ ಒಂದು ರಟ್ಟು ಹಿಡಿದು ಒಂದೊಂದೇ ಪದ ಹೇಳುತ್ತಿದ್ದ. ಹಾಲು. ಮರ. ಬೀಗ. ಕೇಳಿಸಿದ್ದನ್ನು ಅವಳು ತಿರುಗಿ ಹೇಳಬೇಕು.

ರಟ್ಟಿನ ಮೇಲೆ ಕಾಣುವುದು ಎರಡು ಕಣ್ಣು ಮಾತ್ರ. ಅವಳು ಸರಿಯಾಗಿ ಹೇಳಿದರೆ ಆ ಕಣ್ಣುಗಳು ಸುಮ್ಮನಿರುತ್ತಿದ್ದವು. ತಪ್ಪಿದರೆ ಅರೆಕ್ಷಣ ಮೇಜಿನ ಕಡೆ ಇಳಿದು, ಏನೂ ಆಗದಂತೆ ಮೇಲೆ ಬರುತ್ತಿದ್ದವು. ಮೂರನೇ ಪರೀಕ್ಷೆಯ ಹೊತ್ತಿಗೆ ಅವಳಿಗೆ ಪದಗಳಿಗಿಂತ ಆ ಕಣ್ಣುಗಳೇ ಚೆನ್ನಾಗಿ ಕೇಳಿಸತೊಡಗಿದ್ದವು. ಮನೆಯಲ್ಲಿ ತಂಗಿ ಅವನಿಗೆ 'ಗಾಜಿನ ಸಾಹೇಬ' ಅಂತ ಹೆಸರಿಟ್ಟಿದ್ದಳು.

ಮುಂದಿನ ಪರೀಕ್ಷೆಯ ದಿನ ನೆನಪಿಸಲು ಆಸ್ಪತ್ರೆಯವರು ಎಲ್ಲರಿಗೂ ಮೆಸೇಜ್ ಕಳಿಸುತ್ತಾರೆ. ಅವಳಿಗೆ ಮಾತ್ರ ಸಾಹೇಬನೇ ಫೋನ್ ಮಾಡುತ್ತಿದ್ದ. ಬೆಳಿಗ್ಗೆ ಎದ್ದು ಇನ್ನೂ ಯಾರ ಹತ್ತಿರವೂ ಮಾತಾಡದವನ ದನಿ. ತುಸು ಒರಟು, ತುಂಬಾ ಮೆತ್ತಗೆ. ದಿನಾಂಕ ಹೇಳಿ ಮುಗಿದ ಮೇಲೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಅಲ್ಲಿ ಬಿಸಿಲಾ, ಇಲ್ಲಿ ಮೋಡ, ಊಟ ಆಯ್ತಾ, ಇನ್ನೂ ಇಲ್ಲ. ಇಷ್ಟೇ. ಇಷ್ಟನ್ನು ಅವಳು ಮುಂದಿನ ಫೋನಿನವರೆಗೆ ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದಳು.

ಈಗ ಆತನೇ ಫೈಲನ್ನು ದಾಟಿಸಿದ್ದಾನೆ.

ಕಾರಿಡಾರಿನ ಕೊನೆಯ ಕೋಣೆಯ ಬಾಗಿಲು ತೆರೆದಿತ್ತು. ಅವಳು ತಟ್ಟದೇ ಒಳಗೆ ಹೋದಳು.

"ಅಷ್ಟು ಕಾಟ ಕೊಟ್ನಾ ಸಾರ್?"

ಅವನು ಎದ್ದು, ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕಿಟಕಿಯ ಕಡೆ ತಿರುಗಿ ನಿಂತ. ಅವಳೊಂದಿಗೆ ಮಾತಾಡುವಾಗ ಯಾವಾಗಲೂ ಹಾಗೇ ನಿಲ್ಲುತ್ತಿದ್ದ. ಬೇರೆ ಯಾರೂ ಇದನ್ನು ಕಲಿತಿರಲಿಲ್ಲ, ಅವಳ ಸ್ವಂತ ತಂಗಿಯೂ.

"ಕಾಟ ಅಲ್ಲ."

"ಮತ್ತೆ? ನನ್ನ ಕಿವಿಯ ಗ್ರಾಫ್ ಬೀಳೋದು ನೋಡಿ ನೋಡಿ ಸಾಕಾಯ್ತಾ?"

"ಕಾರಣ ಆಮೇಲೆ ಹೇಳ್ತೀನಿ. ಬ್ಯಾಗ್ ಯಾಕಿಷ್ಟು ಭಾರ?"

"ಎರಡು ಫೋನ್ ಇದೆ. ಯಾವುದು ಇಟ್ಕೊಳ್ಳಲಿ ಅಂತ ಕೇಳೋಕೆ ಬಂದಿದ್ದೆ. ಈಗ ಅದನ್ನೂ ಸೀನಿಯರ್ ಮೇಡಂಗೇ ಕೇಳಬೇಕಾ?"

"ಫೋನನ್ನ ನಾನು ನೋಡಬಹುದು. ಅದು ನನ್ನ ಪೇಷೆಂಟ್ ಅಲ್ವಲ್ಲ."

"ಈಗ ನಾನೂ ಅಲ್ವಲ್ಲ."

"ಹೌದು," ಅಂದ. "ಈಗ ನೀವೂ ಅಲ್ಲ."

ಹೇಳುತ್ತಲೇ ಅವನ ಕಿವಿಯ ತುದಿ ಕೆಂಪಾಯಿತು. ಊರಿನವರ ಕಿವಿಯನ್ನೆಲ್ಲ ನೋಡುವವನ ಕಿವಿಯನ್ನು ಅವಳು ಗಮನಿಸಿದ್ದು ಅದೇ ಮೊದಲು. ಸಿಟ್ಟು ಮಾಡಿಕೊಂಡು ಬಂದವಳು ಕುರ್ಚಿ ಎಳೆದು ಕೂತಳು.

ಎರಡೂ ಫೋನು ಮೇಜಿನ ಮೇಲೆ ಬಂದವು.

ಒಂದು, ಎಲ್ಲ ಬಸ್ ಸ್ಟಾಪಿನಲ್ಲೂ ಆಳೆತ್ತರದ ಚಿತ್ರ ಹಾಕಿಸಿಕೊಂಡಿದ್ದ ಹೊಸ ಸ್ಮಾರ್ಟ್‌ಫೋನ್. ಪೂರ್ತಿ ಗಾಜು, ಬಿಸ್ಕತ್ತಿನಷ್ಟು ತೆಳು. ಆ ಕಡೆಯವರು ಆಡಿದ ಮಾತೆಲ್ಲ ಆಡುತ್ತಿದ್ದಂತೆಯೇ ಅದರಲ್ಲಿ ಅಕ್ಷರವಾಗಿ ಮೂಡುತ್ತದೆ. ಇನ್ನೊಂದು, ಒಂಬತ್ತು ವರ್ಷದ ಹಿಂದೆ ಕಂಪನಿ ಕೊಟ್ಟ ಕೆಲಸದ ಫೋನು. ದಪ್ಪಗೆ, ಸುತ್ತ ರಬ್ಬರು, ಕೆಳಗೆ ಸವೆದ ಪುಟ್ಟ ಪುಟ್ಟ ಕೀಲಿಗಳು. ಅದಕ್ಕೆ ಫೋಟೋ ತೆಗೆಯಲು ಬರುವುದು ಅಷ್ಟಕ್ಕಷ್ಟೇ. ಆದರೆ ಅದರ ಸ್ಪೀಕರಿನ ಗಂಟಲು ದೊಡ್ಡದು, ಮತ್ತು ಅವಳ ಎಡಗಿವಿಯ ಮಷಿನ್ನಿನ ಜೊತೆ ಜಗಳ ಆಡುವುದಿಲ್ಲ. ಹೊಸದನ್ನು ಕಿವಿಗಿಟ್ಟರೆ ಮಷಿನ್ ಶಿಳ್ಳೆ ಹೊಡೆಯುತ್ತದೆ.

"ಹೊಸದನ್ನ ತಂಗಿ ತಂದಿದ್ದು. ಬೆಳಿಗ್ಗೆ ಐದಕ್ಕೇ ಕ್ಯೂ ನಿಂತಿದ್ಲಂತೆ. ಈ ಇಟ್ಟಿಗೆ ಎಸಿ ಅಕ್ಕ ಅಂತಾಳೆ. ಇಟ್ಟಿಗೆ ಬಿದ್ರೆ ಒಡೆಯಲ್ವಲ್ಲೇ ಅಂದೆ. ತಲೆ ಮೇಲೆ ಬಿದ್ರೆ ತಲೆ ಒಡೆಯುತ್ತೆ ಅಂದ್ಲು."

"ಕೆಲಸದ ಕಡೆ ಏನಂತಾರೆ?"

ಅವಳ ನಗು ನಿಂತಿತು. ಅವಳದು ಸರಕು ಲಾರಿಗಳ ಕಂಪನಿಯಲ್ಲಿ ಡಿಸ್ಪ್ಯಾಚ್ ಕೆಲಸ. ಯಾವ ಲಾರಿ ಎಲ್ಲಿದೆ, ಯಾರು ಎಲ್ಲಿ ತಿರುಗಬೇಕು, ಯಾರು ನಿಲ್ಲಿಸಿ ಮಲಗಬೇಕು, ಎಲ್ಲವೂ ಫೋನಿನ ಮೇಲೆ. ಡ್ರೈವರುಗಳಿಗೆ ಅವಳು 'ಡಿಸ್ಪ್ಯಾಚ್ ಅಕ್ಕ'. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಾರೆ.

"ಸೋಮವಾರದೊಳಗೆ ತೀರ್ಮಾನ ಮಾಡು ಅಂದಿದಾರೆ ಮ್ಯಾನೇಜರು. ಒಂದೊಂದು ಮಾತನ್ನ ಮೂರು ಮೂರು ಸಲ ಹೇಳಿಸ್ಕೋತೀನಂತೆ. ಹೊಸ ಫೋನಲ್ಲಿ ಓದ್ಕೊಂಡು ಕೆಲಸ ಮಾಡು, ಇಲ್ಲಾಂದ್ರೆ ಗೋದಾಮಿಗೆ ಹೋಗು."

"ಓದ್ಕೊಂಡು ಮಾಡೋಕೆ ಏನು ಕಷ್ಟ?"

"ಅಕ್ಷರ ಆಕಳಿಸಲ್ಲ ಸಾರ್." ಅವಳು ಹಳೇ ಫೋನಿನ ರಬ್ಬರನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು. "ಹೊರಟಿದೀನಿ ಅಕ್ಕ ಅಂತ ಒಬ್ಬ ಹೇಳ್ತಾನೆ. ಅದರೊಳಗೆ ನಿದ್ದೆ ಇದೆಯಾ, ಕುಡಿದಿದಾನಾ, ಮನೇಲಿ ಜಗಳ ಆಡ್ಕೊಂಡು ಬಂದಿದಾನಾ, ದನೀಲಿ ಗೊತ್ತಾಗುತ್ತೆ. ಪಕ್ಕಕ್ಕೆ ಹಾಕಿ ಒಂದು ಗಂಟೆ ಮಲಗೋ ಅಂತ ಬೈತೀನಿ. ಈ ಗಾಜಿನಲ್ಲಿ ಹೊರಟಿದೀನಿ ಅಕ್ಕ ಅಂತ ಮಾತ್ರ ಬರುತ್ತೆ."

"ಈಗ್ಲೂ ಗೊತ್ತಾಗುತ್ತಾ ನಿಮಗೆ?"

ಪ್ರಶ್ನೆ ಸರಳವಾಗಿತ್ತು. ಅವಳು ಬೇಕೆಂದೇ ಕಿಟಕಿಯಾಚೆ ನೋಡಿದಳು. ಹೇಳದೇ ಉಳಿದದ್ದು ಇನ್ನೊಂದಿತ್ತು: ಲೋಕದ ದನಿಗಳೆಲ್ಲ ಒಂದೊಂದಾಗಿ ಗದ್ದಲವಾಗುತ್ತಿರುವಾಗ, ಇದೇ ಇಟ್ಟಿಗೆಯೊಳಗಿಂದ ಒಬ್ಬನ ದನಿ ಮಾತ್ರ ಇನ್ನೂ ದನಿಯಾಗಿ ಬರುತ್ತಿತ್ತು. ಹೊಸದನ್ನು ಆರಿಸಿದರೆ ಅವನೂ ಅಕ್ಷರವಾಗುತ್ತಾನೆ.

"ಅದನ್ನ ನೋಡೋಕೇ ಬಂದಿದ್ದು," ಅಂದಳು. "ಎರಡರಲ್ಲೂ ಪದ ಹೇಳಿ. ಹಳೇದರಲ್ಲಿ ಅರ್ಧಕ್ಕರ್ಧ ಹಿಡಿದ್ರೂ ಸಾಕು, ಮ್ಯಾನೇಜರ ಜೊತೆ ಗುದ್ದಾಡ್ತೀನಿ."

ಅವನು ಪಕ್ಕದ ಕೋಣೆಗೆ ಹೋದ. ನಡುವೆ ಅದೇ ಗಾಜು. ಸ್ವರ ಏರಿಳಿಯದಂತೆ ನೋಡಿಕೊಳ್ಳಲು ಸದ್ದನ್ನು ಅಂಕಿಯಲ್ಲಿ ತೋರಿಸುವ ಅಂಗೈಯಗಲದ ಡೆಸಿಬೆಲ್ ಮೀಟರನ್ನು ಮುಂದಿಟ್ಟುಕೊಂಡ. ಮಾಮೂಲಿ ಮಾತು ಅರವತ್ತರ ಆಸುಪಾಸು ಇರುತ್ತದೆಂದು ಅವನೇ ಒಮ್ಮೆ ಹೇಳಿಕೊಟ್ಟಿದ್ದ. ಮಷಿನ್ ತೆಗೆದರೆ ಅವಳ ಎಡಗಿವಿಗೆ ಎಂಬತ್ತರ ಕೆಳಗಿನದು ಏನೂ ಕೇಳಿಸುವುದಿಲ್ಲ. ಬಲಗಿವಿ ಆ ಲೆಕ್ಕಕ್ಕೂ ಬರುವುದಿಲ್ಲ. ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ, ನರವೇ ಸೊರಗುತ್ತಿದೆ ಅಂತ ದೊಡ್ಡ ಡಾಕ್ಟರು ಹೋದ ವರ್ಷವೇ ಕೈಚೆಲ್ಲಿದ್ದರು. ಜೋರು ಮಾಡಿದರೆ ಸದ್ದು ಬರುತ್ತದೆ, ಮಾತು ಬರುವುದಿಲ್ಲ.

ಹಳೇ ಫೋನು ಕುಣಿಯಿತು. ಅವಳು ಕಿವಿಗೆ ಒತ್ತಿಕೊಂಡಳು. ಗಾಜಿನ ಆಚೆ ರಟ್ಟು ಮೇಲೆದ್ದಿತು.

ಮೊದಲ ಪದ ಸಿಕ್ಕಿತು. ಎರಡನೆಯದೂ. ಮೂರನೆಯದು ಬಾಗಿಲ ಆಚೆಯಿಂದ ಬಂದಂತೆ ಬಂದು ಅಲ್ಲೇ ನಿಂತಿತು. ಆಮೇಲೆ ಅವನ ದನಿ ಬರುತ್ತಿತ್ತು, ಅದರ ಒರಟು ಬರುತ್ತಿತ್ತು, ಅದರ ಮೆದುತನವೂ ಬರುತ್ತಿತ್ತು. ಪದ ಬರುತ್ತಿರಲಿಲ್ಲ. ಅವಳು ಕಣ್ಣುಗಳ ಕಡೆ ನೋಡಿದಳು. ಅವು ಮೇಜಿನ ಕಡೆ ಇಳಿದವು, ಮೇಲೆ ಬಂದವು, ಇಳಿದವು. ಕೊನೆಕೊನೆಗೆ ಮೇಲೆ ಬರಲು ಅವಕ್ಕೆ ಹೊತ್ತು ಹಿಡಿಯಿತು.

ಹೊಸ ಫೋನಿನ ಸರದಿಯಲ್ಲಿ ಅವಳು ಏನನ್ನೂ ಕಿವಿಗಿಡಲಿಲ್ಲ. ಮೇಜಿನ ಮೇಲಿಟ್ಟು ಓದಿದಳು. ಅಕ್ಷರಗಳು ಮುದ್ದಾಗಿ, ದುಂಡಗೆ, ತಡವರಿಸದೆ ಮೂಡಿದವು. ಅಂಗಳ. ಬಟ್ಟಲು. ನೆರಳು. ಅವಳು ಪಟಪಟನೆ ಹೇಳುತ್ತ ಹೋದಳು. ಮುಗಿದ ಮೇಲೆ ತಲೆಯೆತ್ತಿದರೆ, ಅವನು ರಟ್ಟನ್ನು ಪಕ್ಕಕ್ಕಿಟ್ಟು ಬೆನ್ನು ತಿರುಗಿಸಿ ಮೂಗು ಒರೆಸಿಕೊಳ್ಳುತ್ತಿದ್ದ. ಯಾವ ಪದದಲ್ಲಿ ಅವನ ದನಿ ಒಡೆಯಿತೋ ಅವಳಿಗೆ ತಿಳಿಯಲಿಲ್ಲ. ಪರದೆಯಲ್ಲಿ ಎಲ್ಲ ಪದಗಳೂ ಒಂದೇ ಥರ ಇದ್ದವು.

ಅವನು ಬಂದು, ಮೀಟರನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತ. ಬೆಳಕಿಗೆ ಮುಖ ಕೊಟ್ಟ.

"ಹೇಳಿ," ಅಂದಳು.

"ಹೊಸದರಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು."

"ಅದು ಗೊತ್ತು. ಇಟ್ಟಿಗೆ?"

"ಏಳು."

ಅವಳು ಬೆರಳುಗಳನ್ನು ಬಿಡಿಸಿ ನೋಡಿಕೊಂಡಳು, ಏಳು ಎಷ್ಟೆಂದು ಮರೆತವಳಂತೆ.

"ಹದಿಮೂರು ಅಂತ ಹೇಳಬಹುದಿತ್ತು ನೀವು. ನಂಬ್ತಿದ್ದೆ."

"ನಂಬ್ತಿದ್ರಿ. ಅದಕ್ಕೇ ಹೇಳಲಿಲ್ಲ." ಹಳೇ ಫೋನನ್ನು ಅವಳ ಕಡೆ ಸರಿಸಿ ಅಂದ, "ಆ ಡ್ರೈವರುಗಳೂ ನಿಮ್ಮನ್ನ ನಂಬ್ತಾರೆ."

"ನಿಮಗೆ ಸುಳ್ಳು ಹೇಳಬೇಕು ಅನ್ನಿಸಲೇ ಇಲ್ವಾ?"

"ಒಂದೊಂದು ಪದಕ್ಕೂ ಅನ್ನಿಸ್ತು. ರಟ್ಟು ಸ್ವಲ್ಪ ಕೆಳಗೆ ಜಾರಿಸಿದ್ರೆ ಸಾಕಿತ್ತು. ನಿಮ್ಮಷ್ಟು ಚೆನ್ನಾಗಿ ತುಟಿ ಓದೋರು ಈ ಆಸ್ಪತ್ರೆಗೆ ಬಂದಿಲ್ಲ."

"ಹೊಗಳಿ ಸಮಾಧಾನ ಮಾಡ್ತೀರಾ?"

"ನನ್ನ ಹತ್ರ ಬೇರೆ ಏನಿದೆ ಹೇಳಿ."

ಇಬ್ಬರೂ ನಗಲು ಹೋಗಿ ಬಿಟ್ಟುಬಿಟ್ಟರು. ಅವಳು ಹೊಸ ಫೋನನ್ನು ಮೇಜಿನ ಮೇಲಿಂದ ಎಳೆದುಕೊಂಡಳು. ತೀರ್ಮಾನ ಅಷ್ಟೇ. ಸೋಮವಾರದಿಂದ ಡ್ರೈವರುಗಳು ಅಕ್ಷರಗಳಾಗುತ್ತಾರೆ. ನಿದ್ದೆ ಬಂದಿದ್ಯಾ ಅಂತ ಒಬ್ಬೊಬ್ಬನನ್ನೂ ಬಾಯಿಬಿಟ್ಟು ಕೇಳಬೇಕು. ಇಲ್ಲ ಅಕ್ಕ ಅಂತ ಎಲ್ಲರೂ ಬರೆಸುತ್ತಾರೆ.

"ಈಗ ಕಾರಣ ಹೇಳಿ," ಅಂದಳು. "ನನ್ನ ಫೈಲ್ ಯಾಕೆ ಕೊಟ್ರಿ?"

ಅವನು ಬಾಯಿ ತೆರೆದ. ಅವಳು ತಟ್ಟನೆ ಕೈ ಅಡ್ಡ ಹಿಡಿದಳು.

"ತಡೀರಿ. ನನಗೆ ಗೊತ್ತು. ಕೆಂಪು ಕಿವಿ ನೋಡಿದಾಗ್ಲೇ ಗೊತ್ತಾಯ್ತು. ಪೇಷೆಂಟಿಗೆ ಹೇಳಬಾರದ ಮಾತು, ಅಲ್ವಾ?"

ಅವನು ತಲೆಯಾಡಿಸಿದ.

"ನೀವು ಹೇಳೋಕೆ ಮುಂಚೆ ನಾನೊಂದು ಹೇಳ್ತೀನಿ. ಮುಂದಿನ ವರ್ಷ ಈ ಹೊತ್ತಿಗೆ ನನಗೆ ಸದ್ದೂ ಇರಲ್ಲ. ಅಡುಗೆಮನೆಯಿಂದ ನೀವು ಕರೆದ್ರೆ ನಾನು ತಿರುಗಲ್ಲ. ಕತ್ತಲಲ್ಲಿ ಮಾತಾಡಿದ್ರೆ ದೀಪ ಹಾಕಿ ಅಂತೀನಿ. ಎರಡು ವರ್ಷ ನೀವು ಮುಖಕ್ಕೆ ಬೆಳಕು ಹುಡುಕ್ತೀರಿ. ಆಮೇಲೆ ಒಂದು ದಿನ ಸುಸ್ತಾಗುತ್ತೆ, ಬೆನ್ನು ಹಾಕಿ ಮಾತಾಡ್ತೀರಿ. ಬೇಕಂತ ಅಲ್ಲ. ಎಲ್ಲರಿಗೂ ಹಾಗೇ ಆಗೋದು. ಅಪ್ಪನಿಗೂ ಹಾಗೇ ಆಯ್ತು, ಅಮ್ಮನ ವಿಷಯದಲ್ಲಿ. ಇದೇ ಕಿವಿ ಅವಳದೂ."

ಸುಳ್ಳು ಹದಿಮೂರನ್ನು ಹೇಳದವನು ಸುಳ್ಳು ಭರವಸೆಯನ್ನೂ ಕೊಡಲಿಲ್ಲ.

"ಆಗಬಹುದು," ಅಂದ. "ಆದ್ರೂ ಹೇಳಬೇಕು ನನಗೆ."

"ಹೇಗೆ ಹೇಳ್ತೀರಿ? ಕಿರುಚಿ?"

"ಬೇಕಾದ್ರೆ ಕಿರುಚ್ತೀನಿ. ಇಲ್ಲಾ ಈ ಹೊಸದರಲ್ಲಿ ಹೇಳ್ತೀನಿ, ನೀವು ಓದಿ."

ಕಾರಿಡಾರಿನಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದರು. ನೆಲದ ನಡುಕದಿಂದ ಅವಳಿಗೆ ಅದು ತಿಳಿಯಿತು.

"ನೀವು ಮೊದಲನೇ ಸಲ ಫೋನ್ ಮಾಡಿದಾಗ ಕೇಳಿಸ್ತಲ್ಲ, ಆ ದನಿ ನನ್ನ ಹತ್ರ ಇದೆ," ಅಂದಳು. "ಪೂರ್ತಿ ಇದೆ. ಕಿರುಚಿದ್ರೆ ಅದು ನಿಮ್ಮ ದನಿ ಅಲ್ಲ. ಮಷಿನ್ನಿಂದ ಬರೋದು ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಬರುತ್ತೆ. ಈ ಗಾಜಂತೂ ನಿಮ್ಮನ್ನೂ ಲಾರಿ ಡ್ರೈವರನ್ನೂ ಒಂದೇ ಅಕ್ಷರದಲ್ಲಿ ಬರೆಯುತ್ತೆ. ಇದ್ಯಾವುದನ್ನೂ ಆ ದನಿ ಮೇಲೆ ಹೇರಿಕೊಳ್ಳೋಕೆ ನನಗಿಷ್ಟ ಇಲ್ಲ. ಹೇಗೆ ಹೇಳಬೇಕೋ ಹಾಗೇ ಹೇಳಿ. ಪಕ್ಕದಲ್ಲಿ ಕೂತವಳಿಗೆ ಹೇಳೋ ಹಾಗೆ, ಮೆತ್ತಗೆ."

"ನಿಮಗೆ ಕೇಳಿಸಲ್ಲ."

"ಗೊತ್ತು."

ಅವಳು ಹೊಸ ಫೋನನ್ನು ಆಫ್ ಮಾಡಿ, ಮುಖ ಕೆಳಗಾಗಿ ಮೇಜಿನ ಮೇಲೆ ಮಲಗಿಸಿದಳು. ಎಡಗಿವಿಯ ಮಷಿನ್ ಬಿಚ್ಚಿ ಅದರ ಪಕ್ಕಕ್ಕಿಟ್ಟಳು. ಕೋಣೆ ಎಲ್ಲ ಕಡೆಯಿಂದ ಮುಚ್ಚಿಕೊಂಡಿತು. ತುಟಿ ಓದಿಬಿಡಬಾರದೆಂದು ಅವನ ಮುಖ ನೋಡಲಿಲ್ಲ. ಇಬ್ಬರ ನಡುವೆ ಅವನು ತಂದಿಟ್ಟಿದ್ದ ಮೀಟರಿನ ಮೇಲೆ ಕಣ್ಣಿಟ್ಟಳು. ಮಾತಿಲ್ಲದ ಕೋಣೆಗೆ ಅದು ಮೂವತ್ತೊಂದು ತೋರಿಸುತ್ತಿತ್ತು.

ಅವಳ ಮುಂಗೈ ಮೇಲೆ ಅವನ ಉಸಿರು ತಾಗಿತು. ಅಂಕಿ ಅಲ್ಲಾಡಿತು, ಮೇಲಕ್ಕೆ ಹೋಯಿತು, ನಿಂತಿತು.

ಐವತ್ತೆರಡು ಡೆಸಿಬೆಲ್.