ತಂಗಿ ಹೇಳಿದ ಮೂರು ವರ್ಷ

ನಾನೂ ತಂಗಿಯೂ ಒಂದೇ ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಓದುವ ಡಾಕ್ಟರುಗಳು. ಶ್ವಾಸಕೋಶದಲ್ಲಿ ಕಲೆ ಕಟ್ಟಿದವರು ಇನ್ನೆಷ್ಟು ದಿನ ಬದುಕುತ್ತಾರೆಂದು ಅವಳು ಹೇಳಿದರೆ ಅಷ್ಟೇ ದಿನ. ನನ್ನ ಲೆಕ್ಕ ಸದಾ ತಪ್ಪುತ್ತಿತ್ತು. ಹೊಟ್ಟೆಕಿಚ್ಚು ತಡೆಯಲಾಗದೆ, ಒಂದು ದಿನ, ಅದಕ್ಕೆ ವರ್ಷದ ಹಿಂದೆಯೇ ತೀರಿಕೊಂಡಿದ್ದ ನಮ್ಮ ಬೀದಿಯ ದರ್ಜಿಯ ಸ್ಕ್ಯಾನನ್ನು ಹೆಸರು ಮುಚ್ಚಿ ಅವಳ ಮುಂದಿಟ್ಟೆ.

"ಇವರಿಗಿನ್ನೂ ಮೂರು ವರ್ಷ ಇದೆ ಅಕ್ಕ. ಆರಾರು ತಿಂಗಳಿಗೆ ಎಡಗಡೆ ಕಲೆ ಬೆರಳಗಲ ಏರುತ್ತೆ," ಅಂದಳು.

ಒಳಗೊಳಗೇ ನಕ್ಕೆ.

ಸರಿಯಾಗಿ ಆರು ತಿಂಗಳಿಗೆ, ಊಟದ ಹೊತ್ತಲ್ಲಿ, ಖಾಲಿ ಸ್ಕ್ಯಾನ್ ಕೋಣೆಯಿಂದ ಯಂತ್ರದ ದನಿ ಕೇಳಿಸಿತು: "ಉಸಿರು ಎಳೆದುಕೊಳ್ಳಿ. ಹಾಗೇ ಹಿಡಿದುಕೊಳ್ಳಿ."

ಒಳಗೆ ಯಾರೂ ಇರಲಿಲ್ಲ. ಹಾಸು ಮಾತ್ರ ಬೆಚ್ಚಗಿತ್ತು. ಪರದೆಯ ಮೇಲೆ ದರ್ಜಿಯ ಆಸ್ಪತ್ರೆ ನಂಬರು, ಅವತ್ತಿನ ತಾರೀಖು. ಎಡಗಡೆ ಕಲೆ ಬೆರಳಗಲ ಏರಿತ್ತು.

ಆರು ತಿಂಗಳಿಗೊಂದರಂತೆ ಇದುವರೆಗೆ ಇಂಥ ಐದು ಸ್ಕ್ಯಾನ್ ಬಂದಿವೆ. ಐದರಲ್ಲೂ ತಂಗಿ ಹೇಳಿದ್ದೇ ಸರಿ. ಅವಳಿಗೆ ಒಂದನ್ನೂ ತೋರಿಸಿಲ್ಲ.